ಗೋಡೆಯಾಚೆಯ ದಿವಾನಖಾನೆ

ಜೈತುನ್ಬೀಯ ಮದುವೆ ಯಾವ ಕೋಣೆಯಲ್ಲಿ ನಡೆಯಿತೋ ಆ ಕೋಣೆಯನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ. ನೋಡದೆಯೇ ಅದೇ ಮನೆಯಲ್ಲಿ ನಲವತ್ತು ವರ್ಷ ಬಾಳಿದ್ದಳು.

ಚಿತ್ತಾಪುರದಲ್ಲಿ ಇದನ್ನು ಯಾರೂ ಸೋಜಿಗವೆಂದು ತಿಳಿಯುತ್ತಿರಲಿಲ್ಲ. ಅಲ್ಲಿನ ಹಳೆಯ ಮುಸಲ್ಮಾನ ಮನೆತನಗಳ ದೊಡ್ಡ ಮನೆಗಳಿಗೆ ದೇವಡಿ ಎನ್ನುತ್ತಾರೆ. ದೇವಡಿಗೆ ಎರಡು ಪಾಲು. ಬೀದಿಯ ಕಡೆ ಗಂಡಸರು ಕೂರುವ ದಿವಾನಖಾನೆ, ಹಿಂದೆ ಹೆಂಗಸರ ಜನಾನಾ. ಎರಡಕ್ಕೂ ಬೇರೆ ಬೇರೆ ಬಾಗಿಲು. ಮುಂದಿನವರು ಹಿಂದಕ್ಕೆ ಬರಬೇಕಾದರೆ ಬೀದಿಗಿಳಿದು, ಮಗ್ಗುಲ ಓಣಿ ಹಿಡಿದು, ಅಂಗಳ ದಾಟಿ ಬರಬೇಕು. ನಿಕಾ ಓದುವಾಗ ಮದುಮಗ ದಿವಾನಖಾನೆಯಲ್ಲಿ ಖಾಜಿಯ ಎದುರು ಕೂತಿರುತ್ತಾನೆ, ಮದುಮಗಳು ಜನಾನಾದಲ್ಲಿ ಹೆಂಗಸರ ನಡುವೆ. ವಕೀಲನೆಂದು ಗೊತ್ತುಮಾಡಿದ ಹಿರಿಯನೊಬ್ಬ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಒಳಗೆ ಬಂದು, ಪರದೆಯ ಹೊರಗೆ ನಿಂತು, ಹುಡುಗಿಯ ಒಪ್ಪಿಗೆ ಕೇಳಿ, ಅದನ್ನು ಹೊತ್ತುಕೊಂಡು ಹೋಗಿ ಖಾಜಿಗೆ ಒಪ್ಪಿಸುತ್ತಾನೆ. ಮದುವೆ ಹೀಗೆ ಎರಡು ಕೋಣೆಗಳಲ್ಲಿ ನಡೆದು ಒಂದಾಗುತ್ತದೆ.

ನಿಕಾ ಹೆಣ್ಣಿನ ಮನೆಯಲ್ಲಿ ಆಗುವುದು ರೂಢಿ. ಆದರೆ ಆ ವರ್ಷ ಸೇಡಂ ಕಡೆ ಪ್ಲೇಗಿನ ಹೆದರಿಕೆ ಇದ್ದುದರಿಂದ ಜೈತುನ್ಬೀಯ ತಂದೆ ಮಗಳನ್ನು ಚಿತ್ತಾಪುರಕ್ಕೇ ಕರೆತಂದು, ಬೀಗರ ದೇವಡಿಯಲ್ಲೇ ಮದುವೆ ಮುಗಿಸಿದ್ದ. ಬಂಡಿಯಿಂದ ಜನಾನಾದ ಬಾಗಿಲ ತನಕ ಎರಡೂ ಕಡೆ ಚಾದರ ಹಿಡಿದು ಆಕೆಯನ್ನು ನಡೆಸಿದ್ದರು. ಆಕೆ ಕಂಡದ್ದು ತನ್ನ ಕಾಲು ಮತ್ತು ಶಹಾಬಾದಿ ಫರಸಿ ಕಲ್ಲು ಹಾಸಿದ ನೆಲ, ಅಷ್ಟೇ.

ವಕೀಲ ಬಂದು ಕೇಳಿಕೊಂಡು ಹೋದ. ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಮುಂಜಾನೆಯಿಂದ ಹುಡುಗಿಯ ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಹಾಲು. ದೀಪ ಇಡುವ ಗೂಡಿನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದವಳು ಮಗ್ಗುಲಲ್ಲಿದ್ದ ಚಿಕ್ಕಮ್ಮ ಖುರ್ಷಿದಬೇಗಂಗೆ ಮೆಲ್ಲಗೆ ಅಂದಳು:

"ಖಾಲಾ, ಹಸಿವಾಗ್ಯಾದ. ಏನರೆ ಕೊಡ್ರಿ."

"ಸುಮ್ಮ ಕುಂದ್ರು. ಮದುಮಗಳು ಹಸಿವು ಅಂತಾಳೇನು? ಕೇಳಿದವ್ರು ನಗ್ತಾರ," ಎಂದು ಖುರ್ಷಿದಬೇಗಂ ತೊಡೆ ಚಿವುಟಿದಳು.

ಎಲ್ಲ ಮುಗಿದು ಗಂಡಹೆಂಡಿರು ಮೊದಲ ಸಲ ಇಬ್ಬರೇ ಕೂತಾಗ ಅಬ್ದುಲ್ ಮಜೀದ ಕಿಸೆಯಿಂದ ಒಂದು ಕರ್ಚೀಫಿನ ಗಂಟು ತೆಗೆದ. ಒಳಗೆ ನಿಕಾದಲ್ಲಿ ಹಂಚಿದ ಉತ್ತತ್ತಿ, ಕಲ್ಲುಸಕ್ಕರೆ.

"ತಗೋ. ನಿಮ್ಮ ಖಾಲಾ ಏನೂ ಕೊಡಲಿಲ್ಲಲ್ಲ."

"ನಾ ಹಸ್ದೀನಿ ಅಂತ ನಿಮಗ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲ. ನೀನೇ ಅಂದಿ. ಗ್ವಾಡ್ಯಾಗಿಂದ ಕೇಳಿಸ್ತು."

"ಸುಳ್ಳ," ಎಂದಳು ಜೈತುನ್ಬೀ.

ಗಂಡನಿಗೆ ಆಕೆ ಆಡಿದ ಮೊದಲ ಮಾತುಗಳು ಇವು. ಉತ್ತತ್ತಿಯನ್ನಂತೂ ಪೂರ್ತಿ ತಿಂದಳು. ಆದರೆ ಗೋಡೆಯ ಮಾತನ್ನು ನಂಬಲಿಲ್ಲ. ದಿವಾನಖಾನೆ ಎಲ್ಲಿ, ತಾನೆಲ್ಲಿ! ವಕೀಲ ಹೋಗಿ ಮುಟ್ಟಲು ಅಷ್ಟು ಹೊತ್ತು ಹಿಡಿದಿತ್ತಲ್ಲ, ನಡುವೆ ಓಣಿಯೋ ಉಗ್ರಾಣವೋ ಇರಲೇಬೇಕು. ನಾದಿನಿ ಹೇಳಿರಬೇಕು ಎಂದು ತೀರ್ಮಾನಿಸಿದಳು. ನಾದಿನಿ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರೂ ತೀರ್ಮಾನ ಬದಲಾಗಲಿಲ್ಲ.

ಮರುವರ್ಷ ಮಾವ ಹೈದರಾಬಾದಿಗೆ ಹೋಗಿದ್ದಾಗ ಇಬ್ಬರೂ ಇದನ್ನು ಪರೀಕ್ಷಿಸಿ ನೋಡಿದರು. ಅಬ್ದುಲ್ ಮಜೀದ ದಿವಾನಖಾನೆಗೆ ಹೋಗಿ ನಿಂತ. ಜೈತುನ್ಬೀ ಮದುವೆಯ ದಿನ ಕೂತಿದ್ದಲ್ಲೇ ಕೂತು ಗೋಡೆಗೆ "ಬದನಿಕಾಯಿ" ಎಂದಳು. ಸ್ವಲ್ಪ ಜೋರಾಗಿ ಇನ್ನೊಮ್ಮೆ ಎಂದಳು. ಆತ ಓಣಿ ಸುತ್ತಿ ಒಳಗೆ ಬಂದು ಕಿವಿ ಕೆರೆದುಕೊಂಡ.

"ಏನೂ ಕೇಳಲಿಲ್ಲ. ಆದ್ರ ಅವತ್ತ ಕೇಳಿತ್ತು, ಖರೇ."

ಆಕೆ ನಕ್ಕ ನಗು ಅಂಗಳದ ತನಕ ಹೋಯಿತು.

ಅಂದಿನಿಂದ ಅದು ಆಕೆಯ ಕತೆಯಾಯಿತು. ಊರಿನಲ್ಲಿ ಯಾರ ಮನೆಯ ಮದುವೆಯಿರಲಿ, ಮೆಹೆಂದಿ ಹಚ್ಚುವ ಹೊತ್ತಿಗೆ ಹುಡುಗಿಯರು ಸುತ್ತ ಕೂತು "ಖಾಲಾ, ಆ ಸುಳ್ಳಿನ ಕತಿ ಹೇಳ್ರಿ" ಎಂದು ದುಂಬಾಲು ಬೀಳುತ್ತಿದ್ದರು. ಆಕೆ ಉತ್ತತ್ತಿಯಿಂದ ಬದನೆಕಾಯಿಯವರೆಗೆ ಹೇಳುತ್ತಿದ್ದಳು. ಅಬ್ದುಲ್ ಮಜೀದ ಶಹಾಬಾದಿನ ಕಲ್ಲಿನ ಗಣಿಯೊಂದರಲ್ಲಿ ಗುಮಾಸ್ತನಾಗಿದ್ದ. ಹೊತ್ತು ಮೂಡುವ ಮೊದಲು ರೈಲು ಹಿಡಿದು ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಕೆಲಸಕ್ಕೆ ಹೋಗುವ, ಯಾರಿಗೂ ಎದುರಾಡದ ಮನುಷ್ಯ. ಚಿತ್ತಾಪುರದ ಹೆಂಗಸರ ಬಾಯಲ್ಲಿ ಮಾತ್ರ ಚಂದದ ಸುಳ್ಳುಗಾರನೆಂದು ಹೆಸರಾದ. ಅದು ಕಿವಿಗೆ ಬಿದ್ದಾಗ ಆತ ನಗುತ್ತಿದ್ದ. "ಆದ್ರ ಕೇಳಿತ್ತು" ಎನ್ನುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಕಾಲ ಹೋಯಿತು. ನಿಜಾಮರ ಆಳಿಕೆ ಹೋಯಿತು, ಮಾವ ಹೋದ, ಜಮೀನು ಹೋಯಿತು. ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ದೇವಡಿಯ ಮುಂದಿನ ಪಾಲನ್ನು ಸರ್ವೆ ಕಚೇರಿಗೆ ಬಾಡಿಗೆಗೆ ಕೊಟ್ಟರು. ಮಾವನಿದ್ದಾಗ ಸೊಸೆಯೆಂದು ದಿವಾನಖಾನೆಗೆ ಕಾಲಿಡದವಳು, ಈಗ ಅದು ಕಚೇರಿಯೆಂದು ಕಾಲಿಡಲಿಲ್ಲ. ಜಮೀನು ಅಳೆಸುವ ಕೆಲಸವಿಲ್ಲದ ಹೆಂಗಸಿಗೆ ಅಲ್ಲೇನು ಕೆಲಸ?

ಕೊನೆಯ ಕಾಯಿಲೆಯಲ್ಲಿ ಅಬ್ದುಲ್ ಮಜೀದ ಹೊರಸಿನ ಮೇಲೆ ಮಲಗಿ ಹಳೆಯದೆಲ್ಲ ಮಾತಾಡುತ್ತಿದ್ದ. ದಿವಾನಖಾನೆಯ ತೊಲೆಗಳ ಮೇಲೆ ಹಸಿರು ಗಿಳಿಗಳ ಸಾಲು ಬರೆದಿದ್ದಾರೆ, ನೀನು ನೋಡಲೇ ಇಲ್ಲ, ಎನ್ನುತ್ತಿದ್ದ. ಒಂದು ದಿನ ಅಂದ:

"ಒಮ್ಮಿ ಹೋಗಿ ನೀನೇ ನಿಂತು ಕೇಳು. ನನಗ ಅವತ್ತ ಖರೇ ಕೇಳಿತ್ತು."

"ಹೂಂ, ಕೇಳಿತ್ತು. ಈಗ ಔಷಧ ಕುಡೀರಿ," ಎಂದಿದ್ದಳು ಆಕೆ.

ಆತ ತೀರಿದ ಮೇಲೆ ಆಕೆ ಆ ಕತೆ ಹೇಳುವುದನ್ನು ಬಿಟ್ಟಳು. ಹೇಳಹೊರಟರೆ 'ಹೂಂ, ಕೇಳಿತ್ತು' ಎಂಬ ತನ್ನದೇ ಮಾತು ಅಡ್ಡ ಬರುತ್ತಿತ್ತು. ಸಾಯುವ ಮನುಷ್ಯನಿಗೂ ತಾನು ನಂಬಿದೆನೆಂದು ಹೇಳಲಿಲ್ಲವಲ್ಲ! ಆದರೆ ನಂಬದ್ದನ್ನು ನಂಬಿದೆ ಎನ್ನುವುದು ಹೇಗೆ? ಆತ ಹೇಳಿದ್ದು ನಿಜವೋ ಸುಳ್ಳೋ ಎನ್ನುವುದೊಂದು ಗೊತ್ತಾದರೆ ಸಾಕಿತ್ತು. ಗೊತ್ತು ಮಾಡಿಕೊಳ್ಳಬೇಕಾದರೆ ಆ ಕೋಣೆಯಲ್ಲಿ ನಿಲ್ಲಬೇಕಿತ್ತು.

ಹೀಗೆ ಮೂರು ವರ್ಷ ಕಳೆದಿತ್ತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿಯೂ ನಾಲ್ಕೈದು ವರ್ಷವಾಗಿತ್ತು. ಆಗ ಹೈಸ್ಕೂಲಿನ ವಿಜ್ಞಾನದ ಮಾಸ್ತರ ದೇವಿಂದ್ರಪ್ಪನ ತಲೆಯೊಳಗೆ ಒಂದು ಹೊಸ ವಿಚಾರ ಹೊಕ್ಕಿತು. ಆತ ಮಕ್ಕಳನ್ನು ಸನ್ನತಿಗೆ ಕರೆದೊಯ್ದು ಭೀಮೆಯ ದಂಡೆಯಲ್ಲಿ ಬಿದ್ದಿದ್ದ ಕೆತ್ತನೆಯ ಕಲ್ಲುಗಳನ್ನು ತೋರಿಸಿದ್ದ. ಬಸ್ಸಿನಲ್ಲಿ ತಿರುಗಿ ಬರುವಾಗ ಹುಡುಗಿಯೊಬ್ಬಳು, "ಸರ್, ನಮ್ಮೂರಾಗ ಹಳೀದು ಏನೂ ಇಲ್ಲೇನ್ರಿ?" ಎಂದು ಕೇಳಿದ್ದಳಂತೆ. ಇದೆ, ಆದರೆ ಎಲ್ಲದಕ್ಕೂ ಕೀಲಿ ಬಿದ್ದಿದೆ ಎನಿಸಿತು ಮಾಸ್ತರನಿಗೆ. ಆತ ಮನೆಮನೆ ತಿರುಗಿ, ಸಾಹೇಬರುಗಳ ಕೈಕಾಲು ಹಿಡಿದು, ಸಂಕ್ರಾಂತಿ ಮುಗಿದ ಮೇಲಿನ ಒಂದು ರವಿವಾರ ಊರಿನ ಹಳೆಯ ಕಟ್ಟಡಗಳನ್ನು ಎಲ್ಲರಿಗೂ ತೆರೆದಿಡಲು ಒಪ್ಪಿಸಿದ. ಹಳೆಯ ಚಾವಡಿ, ದಾರಿಹೋಕರು ತಂಗುತ್ತಿದ್ದ ಸರಾಯಿ, ಕಾಳಿನ ವ್ಯಾಪಾರಿಯ ವಾಡೆ, ಮೆಟ್ಟಿಲ ಬಾವಿ. ಕಡೆಯದು ಸರ್ವೆ ಕಚೇರಿ ಇರುವ ದಿವಾನಖಾನೆ.

ಸುದ್ದಿ ತಂದವಳು ಹಾಲು ಹಾಕುವ ಮಾಳಮ್ಮ. ಓಣಿಯ ತುದಿಯ ಮನೆಯವಳು, ಮಕ್ಕಳು ಹುಟ್ಟಿದಾಗ, ಸತ್ತವರನ್ನು ಎತ್ತಿದಾಗ, ಎಲ್ಲದಕ್ಕೂ ಇದ್ದವಳು.

"ಬೂಬಮ್ಮಾ, ರವಿವಾರ ಯಾರ್ ಬೇಕಾದ್ರೂ ಕಚೇರಿ ಒಳಗ ಹೋಗಬೌದಂತ. ಅರ್ಜಿ ಬ್ಯಾಡ, ಏನೂ ಬ್ಯಾಡ. ಸುಮ್ಮ ಹೋಗಿ ನೋಡೂದಂತ."

ಜೈತುನ್ಬೀ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. "ಹೆಂಗಸ್ರೂ?"

"ಹೆಂಗಸ್ರೂ. ನಾ ಮಾಸ್ತರಗ ಎರಡ ಸಲ ಕೇಳೀನಿ."

ಆ ಶನಿವಾರ ಆಕೆ ತನ್ನ ಬುರ್ಖಾ ಒಗೆದು ಒಣಹಾಕಿದಳು.

ರವಿವಾರ ಬಾಗಿಲು ತೆರೆದರೆ ಓಣಿಯೇ ಇಲ್ಲ. ಓಣಿ ಬೀದಿಗೆ ಕೂಡುವಲ್ಲಿ ಅಡ್ಡಲಾಗಿ ಒಂದು ಕನಾತು, ಮದುವೆಗೆ ಕಟ್ಟುವ ಕೆಂಪು ಹಳದಿ ಪಟ್ಟೆಯ ದಪ್ಪ ಬಟ್ಟೆಯ ಪರದೆ, ಗೋಡೆಯಿಂದ ಗೋಡೆಗೆ ಬಿಗಿದು ನಿಂತಿತ್ತು. ಅದರ ಬುಡಕ್ಕೆ ಶಾಲೆಯ ಬೆಂಚುಗಳನ್ನು ಒತ್ತಿಟ್ಟಿದ್ದರು. ಆಚೆ ಜನರ ಸದ್ದು. "ಈ ಕಡಿ ಯಾರೂ ಹೋಗಬ್ಯಾಡ್ರಿ, ಒಳಗ ಗೋಷಾದ ಮನಿ ಅದ" ಎಂದು ಯಾರೋ ಎಲ್ಲರಿಗೂ ಹೇಳುತ್ತಿದ್ದರು.

ಆಕೆಗೆ ಅರ್ಥವಾಯಿತು. ಮಗ ಜಿಲಾನಿ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಪಾಯಿಂಟ್ಸ್‌ಮನ್. ಹಿಂದಿನ ವಾರ ಮನೆಗೆ ಬಂದಾಗ ಮಾಸ್ತರನ ಕೂಡ ಓಣಿಯಲ್ಲಿ ನಿಂತು ಬಹಳ ಹೊತ್ತು ಮಾತಾಡಿದ್ದ. ಅಮ್ಮನಿಗೆ ಜನರಿಂದ ತೊಂದರೆಯಾಗಬಾರದೆಂದು ಇಬ್ಬರೂ ಕೂಡಿ ಮಾಡಿದ ಏರ್ಪಾಡು ಇದು. ಅಮ್ಮನನ್ನೇ ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಆಕೆ ಬುರ್ಖಾ ತೊಟ್ಟು ಕನಾತಿನ ತನಕ ಹೋದಳು, ನಿಂತಳು, ತಿರುಗಿ ಬಂದಳು. ಪರದೆಯ ಹಿಂದಿನಿಂದ ಪರಗಂಡಸರನ್ನು ಕೂಗಿ ಕರೆಯುವುದು ಆಕೆಯ ಗಂಟಲಿಗೆ ಗೊತ್ತಿರಲಿಲ್ಲ.

ಹೊತ್ತು ಏರುತ್ತಿತ್ತು. ಮಧ್ಯಾಹ್ನದ ಹಾಲು ಹೊತ್ತು ಮಾಳಮ್ಮ ಬೆಂಚಿನ ಕೆಳಗೆ ನುಸುಳಿ, ಮೊಣಕಾಲು ಒರೆಸಿಕೊಳ್ಳುತ್ತ ಎದ್ದಳು.

"ಇದೇನ್ ಬೂಬಮ್ಮಾ, ಓಣಿಗಿ ಸೀರಿ ಉಡಿಸ್ಯಾರ! ನೀ ಇನ್ನಾ ಹೋಗಿಲ್ಲ?"

"ಹ್ಯಾಂಗ ಹೋಗ್ಲಿ ಮಾಳವ್ವ? ನಿನ್ನಂಗ ತೆವಳಿಕೋತ ಹೋಗ್ಲೇನು?"

"ನಿಂದ್ರು, ಆ ಮಾಸ್ತರನ ಕಿವಿ ಹಿಡ್ಕೊಂಡು ಬರ್ತೀನಿ."

ಕಿವಿ ಹಿಡಿದಳೋ ಇಲ್ಲವೋ, ದೇವಿಂದ್ರಪ್ಪ ಮಾತ್ರ ಓಡಿ ಬಂದ. ಕನಾತಿನ ಆಚೆಯೇ ನಿಂತು, ನೆಲ ನೋಡುತ್ತ ಮಾತಾಡಿದ.

"ಖಾಲಾ, ನಿಮಗ ತೊಂದ್ರಿ ಆಗಬಾರದಂತ ಕಟ್ಟಿದ್ವಿರಿ."

"ತೊಂದ್ರಿ ಆಗಬಾರದಂತ ದನಾ ಕಟ್ಟಿದಂಗ ಕಟ್ಟೀರಿ ಮಾಸ್ತರ. ಊರ ಮಂದಿಯೆಲ್ಲ ನೋಡಿ ಹೋದ್ರು. ನಾ ನೋಡಬಾರದೇನು?"

"ನೀವೂ ನೋಡಾಕ ಬರ್ತೀರಿ ಅಂತ ನಮಗ ಹೊಳೀಲೇ ಇಲ್ರಿ. ನಿಮ್ಮ ಮನೀನೇ ಅಲ್ಲೇನ್ರಿ ಅದು?"

"ನಮ್ಮದೇ. ಅದಕ್ಕೇ ನೋಡಿಲ್ಲ."

ಮಾಸ್ತರ ತಾನೇ ಬೆಂಚು ಎತ್ತಿ ಪಕ್ಕಕ್ಕಿಟ್ಟ.

ಕನಾತು ಬಿಚ್ಚಿದ್ದಾಯಿತು. ಈಗ ಮಾಳಮ್ಮನಿಗೆ ಉಮೇದು ಬಂತು. ತಾನೊಂದು ತುದಿ, ನೋಡಲು ಬಂದಿದ್ದ ಕಾಳಿನಂಗಡಿಯ ಅಂಬಾರಾಯನ ಹೆಂಡತಿ ದ್ರೌಪದಿ ಇನ್ನೊಂದು ತುದಿ ಹಿಡಿದು, ಜೈತುನ್ಬೀಯ ಮಗ್ಗುಲಲ್ಲಿ ಪರದೆ ನಡೆಸಿಕೊಂಡು ಹೊರಟರು. ಗಾಳಿಗೆ ಬಟ್ಟೆ ಬಡಿದು ಆಕೆಯ ಮುಖಕ್ಕೇ ಬರತೊಡಗಿತು. ಕೆಳಗೆ ನೋಡಿದರೆ ತನ್ನ ಕಾಲು ಮತ್ತು ಫರಸಿ. ಆಕೆ ನಿಂತುಬಿಟ್ಟಳು.

"ಮಾಳವ್ವ, ಇದನ್ನ ಇಳಸ್ರಿ. ಹಿಂಗ ಬಂದು ಒಮ್ಮಿ ಏನೂ ನೋಡಿಲ್ಲ ನಾನು."

"ಮಂದಿ ಅದಾರ ಬೂಬಮ್ಮಾ."

"ಇರ್ಲಿ. ನನಗ ಬುರ್ಖಾ ಅದ. ಮನಿಗಿ ಬ್ಯಾರೆ ಬುರ್ಖಾ ಯಾಕ?"

ಕನಾತು ಇಳಿಯಿತು. ಎದುರಿಗೆ ಆಕೆಯದೇ ಮನೆಯ ಮುಂಬಾಗಿಲು ನಿಂತಿತ್ತು. ಕರಿಗಟ್ಟಿದ ತೇಗದ ಚೌಕಟ್ಟು, ಎರಡೂ ಕಡೆ ಕೂರಲು ಕಲ್ಲಿನ ಕಟ್ಟೆ, ಮೇಲೆ ಕಮಾನು. ಬುರ್ಖಾದೊಳಗೆ ತಲೆ ತಗ್ಗಿಸಿ ಹಾದುಹೋಗುವಾಗ ಇಷ್ಟು ಎತ್ತರವೆಂದು ಆಕೆ ಅಂದುಕೊಂಡಿರಲಿಲ್ಲ. ಹೊಸ್ತಿಲ ಮೇಲೆ ಅರೆಕ್ಷಣ ನಿಂತು, ಬಲಗಾಲಿಟ್ಟು ಒಳಗೆ ಹೋದಳು.

ಊಟದ ಹೊತ್ತು, ಜನ ಕಡಿಮೆ. ಕಚೇರಿಯ ಜವಾನ ಮಡಿವಾಳಯ್ಯ ಕಂಬಕ್ಕೆ ಒರಗಿ ಕೂತಿದ್ದವನು ಎದ್ದು ನಿಂತ. ಒಳಗೆ ಹಸಿ ಸುಣ್ಣದ ವಾಸನೆ. ಮೇಜುಗಳನ್ನೂ ಕಾಗದದ ಗಂಟುಗಳನ್ನೂ ತೆಗೆದು ಕೋಣೆಯನ್ನು ಖಾಲಿ ಮಾಡಿದ್ದರು. ಆಕೆ ಮುಖದ ಮೇಲಿನ ನಖಾಬು ಎತ್ತಿ ಮೊದಲು ತಲೆಯ ಮೇಲೆ ನೋಡಿದಳು. ಹೊಗೆ ಹಿಡಿದ ತೊಲೆಗಳ ಮೇಲೆ, ಮಾಸಿದ ಹಸಿರು ಬಣ್ಣದಲ್ಲಿ, ಗಿಳಿಗಳ ಸಾಲಿತ್ತು. ಕೆಲವಕ್ಕೆ ತಲೆ ಉಳಿದಿತ್ತು, ಕೆಲವಕ್ಕೆ ಬಾಲ.

ಗಿಳಿಯ ಮಾತಂತೂ ನಿಜವೇ, ಎಂದುಕೊಂಡಳು.

ಹೊರಜಗುಲಿಯಲ್ಲಿ, ಗೋಣಿಚೀಲ ಹೊದಿಸಿದ ಒಂದು ಕಪಾಟು ನಿಂತಿತ್ತು. ಚೀಲ ಒಂದು ಕಡೆ ಜಾರಿ ಮೇಲ್ತುದಿ ಕಾಣುತ್ತಿತ್ತು. ತೇಗದಲ್ಲಿ ಕೆತ್ತಿದ ದ್ರಾಕ್ಷಿ ಗೊಂಚಲು, ಅದರಲ್ಲಿ ಕೆಳಗಿನ ಒಂದು ಹಣ್ಣಿಲ್ಲ. ಜೈತುನ್ಬೀ ಹತ್ತಿರ ಹೋಗಿ ಆ ಖಾಲಿ ಜಾಗದಲ್ಲಿ ಬೆರಳಿಟ್ಟಳು. ಸೇಡಂನಲ್ಲಿ, ತಂದೆಯ ಮನೆಯ ಅಂಗಳದಲ್ಲಿ, ಬಡಿಗನ ಉಳಿ ಜಾರಿ ಆ ಹಣ್ಣು ಹಾರಿದಾಗ ಅದನ್ನು ಹುಡುಕಿ ಎತ್ತಿಟ್ಟುಕೊಂಡವಳು ಆಕೆಯೇ. ಮದುವೆಯ ಬಳುವಳಿಯ ಕಪಾಟು. ಪ್ಲೇಗಿನ ಗಡಿಬಿಡಿಯಲ್ಲಿ ಮದುವೆಯಾಗಿ ಕೆಲವು ದಿನಗಳ ಮೇಲೆ ಬಂಡಿಯಲ್ಲಿ ಬಂದಿತ್ತು. ಕಿತಾಬುಗಳನ್ನಿಡಲು ಅನುಕೂಲವೆಂದು ಮಾವ ಅದನ್ನು ನೇರ ದಿವಾನಖಾನೆಗೇ ಇಳಿಸಿಕೊಂಡಿದ್ದ. ಅಂದು ಕಣ್ಮರೆಯಾದದ್ದು ಈಗ ಎದುರಿಗಿತ್ತು.

"ಇದು ಎಲ್ಲಿತ್ತೋ ಮಡಿವಾಳಯ್ಯ?"

"ಒಳಗ ಆ ಗ್ವಾಡಿಗಿ ಇತ್ರಿ ಅಮ್ಮಾರ. ನಾ ನೌಕರಿಗಿ ಬರೂದಕ್ಕ ಮೊದ್ಲೇ ಅಲ್ಲೇ ಇತ್ತು. ಸುಣ್ಣ ಹಚ್ಚಬೇಕಂತ ಮಾಸ್ತರು ಗಂಟು ಬಿದ್ರು, ಅದಕ್ಕ ಈಗ ಎತ್ತೀವಿ. ಏನ್ ಭಾರ ಅದರಿ! ನಡ ಹೋತು ನಂದು."

ಆಕೆ ಮತ್ತೆ ಒಳಗೆ ಬಂದು ಆತ ತೋರಿಸಿದ ಗೋಡೆಯ ಹತ್ತಿರ ಹೋದಳು. ಅಲ್ಲೊಂದು ಗೂಡಿತ್ತು. ದೀಪ ಇಡುವಂಥದು, ಎದೆಯೆತ್ತರದಲ್ಲಿ, ಮೇಲೆ ಚಿಕ್ಕ ಕಮಾನು. ಅಂಥದೇ ಗೂಡು ಆಕೆಯ ಕೋಣೆಯಲ್ಲೂ ಇತ್ತು. ಅದರ ಪಕ್ಕದಲ್ಲೇ ಆಕೆ ಮದುಮಗಳಾಗಿ ಕೂತದ್ದು. ಅದರಲ್ಲಿ ಈಗ ಎಲೆಅಡಿಕೆಯ ಪಾನದಾನ ಇಡುತ್ತಿದ್ದಳು.

ಆಕೆ ಕೈ ಚಾಚಿ ಗೂಡಿನ ಹಿಂಬದಿಯನ್ನು ಬೆರಳ ಗೆಣ್ಣಿನಿಂದ ಬಡಿದಳು. ಮಣ್ಣಿನ ಗೋಡೆಯ ಮಂಕು ಸದ್ದಲ್ಲ, ಕಲ್ಲಿನ ಬಿಲ್ಲೆಯ ಟಣ್ಣೆನ್ನುವ ಸದ್ದು ಬಂತು.

"ಮಾಳವ್ವ," ಎಂದಳು. ದನಿ ಸಣ್ಣಗಾಗಿತ್ತು. "ನನ್ನ ಕೋಣಿಗಿ ಹೋಗು. ಪಾನದಾನ ತೆಗೆದಿಟ್ಟು ಗೂಡಿನ ಹತ್ರ ಕುಂದ್ರು. ಮೆಲ್ಲಗ ಏನರೆ ಅನ್ನು. ಚೀರಬ್ಯಾಡ. ಏನಂತೀ ಅಂತ ನನಗ ಈಗ ಹೇಳಬ್ಯಾಡ."

"ಯಾಕ ಬೂಬಮ್ಮಾ?"

"ಹೋಗು ಅಂದ್ರ ಹೋಗು."

ಆ ಸುಳ್ಳಿನ ಕತೆಯನ್ನು ಮಾಳಮ್ಮ ಎಷ್ಟೋ ಸಲ ಕೇಳಿದ್ದಳು. ಗೂಡನ್ನು ನೋಡಿದಳು, ಜೈತುನ್ಬೀಯ ಮುಖ ನೋಡಿದಳು, ಸೆರಗು ಸಿಕ್ಕಿಸಿಕೊಂಡು ಹೊರಟಳು. ದೇವಿಂದ್ರಪ್ಪನಿಗೆ ಕತೆ ಗೊತ್ತಿರಲಿಲ್ಲ. ಆದರೆ ಪರೀಕ್ಷೆ ಎಂದರೇನೆಂದು ಗೊತ್ತಿತ್ತು. ಒಳಗಿದ್ದವರಿಗೆಲ್ಲ ಕೈ ಮಾಡಿ ಸುಮ್ಮನಿರಿಸಿದ. ಅಂದು ಖಾಜಿ ನಿಕಾದ ಖುತ್ಬಾ ಓದುವಾಗ ಕೂಟ ಹೀಗೆಯೇ ಸುಮ್ಮನಿದ್ದಿರಬೇಕು.

ವಕೀಲ ನಡೆದ ದಾರಿಯನ್ನೇ ಮಾಳಮ್ಮ ನಡೆಯುತ್ತಿದ್ದಳು. ಬೀದಿ, ಓಣಿ, ಬಾಗಿಲು, ಅಂಗಳ. ಬಹಳ ಹೊತ್ತು ಹಿಡಿಯಿತು. ಜೈತುನ್ಬೀ ಗೂಡಿನ ಪಕ್ಕ ತಲೆಯಾನಿಸಿ ನಿಂತಿದ್ದಳು.

ಗೂಡು ಮಾತಾಡಿತು.

"ಬೂಬಮ್ಮಾ, ನನ್ನ ಇಲ್ಲಿ ಕುಂದರಿಸಿ ನೀ ಅಲ್ಲಿ ಮಜಾ ಮಾಡಾಕತ್ತೀದಿ. ಸಕ್ರಿ ಡಬ್ಬಿ ಎಲ್ಲಿಟ್ಟೀದಿ ಹೇಳು, ಚಾ ಮಾಡ್ಕೋತೀನಿ."

ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟವಾಗಿತ್ತು. ದ್ರೌಪದಿ ಬಾಯಿಗೆ ಸೆರಗು ಇಟ್ಟುಕೊಂಡಳು. ಮಡಿವಾಳಯ್ಯ ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದ.

ಜೈತುನ್ಬೀ ಗೂಡಿಗೆ ಬಾಯಿಟ್ಟು ಅಂದಳು: "ಮ್ಯಾಲಿನ ಫಳಿ ಮ್ಯಾಗ ಅದ. ನನಗೂ ಒಂದು ಕಪ್ಪು ಇಡು."

"ಯವ್ವಾ!" ಎಂದಿತು ಗೋಡೆ.

ಎಲ್ಲರೂ ನಕ್ಕರು. ದೇವಿಂದ್ರಪ್ಪ ಗೂಡಿನೊಳಗೆ ತಲೆ ಹಾಕಿ, ಬಡಿದು, ಅಳೆದು, ಹಿಗ್ಗಿಹೋದ. ಎರಡು ಗೂಡುಗಳೂ ಒಂದೇ ಎತ್ತರದಲ್ಲಿ ಬೆನ್ನಿಗೆ ಬೆನ್ನು ಹಚ್ಚಿಕೊಂಡಿವೆ, ನಡುವೆ ಇರುವುದು ಒಂದೇ ಒಂದು ತೆಳುವಾದ ಶಹಾಬಾದಿ ಫರಸಿ, ಅದು ಹಲಗೆ ವಾದ್ಯದ ಚರ್ಮದ ಹಾಗೆ ಅದುರಿ ಸದ್ದನ್ನು ಆಚೆಗೆ ದಾಟಿಸುತ್ತದೆ ಎಂದು ವಿವರಿಸಿದ. ಎದುರಿಗೆ ಅಷ್ಟು ದೊಡ್ಡ ಕಪಾಟು, ಅದರ ತುಂಬ ಕಾಗದ ಇದ್ದರೆ ಏನೂ ಕೇಳಲಾರದು ಎಂದೂ ಅಂದ.

ಜೈತುನ್ಬೀ ಗೋಡೆಯ ಬುಡದಲ್ಲಿ ಫರಸಿಯ ಮೇಲೆ ಕೂತಳು. ಮಾಸ್ತರ ಕುರ್ಚಿ ತರಹೋದರೆ ಬೇಡವೆಂದು ಕೈಯಾಡಿಸಿದಳು. ಮದುಮಗ ಇಲ್ಲಿಯೇ ಎಲ್ಲೋ, ಈ ಗೂಡಿಗೆ ಬೆನ್ನು ಮಾಡಿ ಕೂತಿದ್ದಿರಬೇಕು. ಮುಖದ ಮೇಲೆ ಹೂವಿನ ಸೆಹರಾ, ಕೈಯಲ್ಲಿ ಕರ್ಚೀಫು. ಅವರಿಬ್ಬರ ನಡುವೆ ಇದ್ದದ್ದು ಒಂದು ಕಲ್ಲಿನ ಬಿಲ್ಲೆ. ಅದರ ಮುಂದೆ ನಿಂತ ಕಪಾಟನ್ನು ಕಳಿಸಿದ್ದು ತನ್ನ ತ‌ವರಿನವರೇ ಎಂದಾಯಿತು. ಬದನೆಕಾಯಿಯನ್ನು ನುಂಗಿದ್ದು ತನ್ನ ಬಳುವಳಿ. ಆತ ಕಪಾಟನ್ನು ದಿನವೂ ನೋಡಿದ್ದರೂ ಹಿಂದಿನ ಗೂಡನ್ನು ಮರೆತಿದ್ದ. ಆಕೆಗೆ ಗೂಡು ದಿನವೂ ಕಾಣುತ್ತಿದ್ದರೂ ಕಪಾಟು ಯಾವ ಗೋಡೆಗಿದೆಯೆಂದು ಗೊತ್ತಿರಲಿಲ್ಲ.

ಆಮೇಲೆ ಇನ್ನೊಂದು ಹೊಳೆಯಿತು. ಅಂದು ಓಣಿ ಸುತ್ತಿ ಬಂದು ಆತ ಅಂದದ್ದು 'ಏನೂ ಕೇಳಲಿಲ್ಲ' ಎಂದು. ಸುಳ್ಳುಗಾರನಾಗಿದ್ದರೆ ಏನಾದರೊಂದು ಊಹಿಸಿ ಹೇಳುತ್ತಿದ್ದ. ಆತ ಸುಳ್ಳು ಹೇಳುವವನಲ್ಲ ಎಂಬುದಕ್ಕೆ ಅದೇ ಗುರುತಾಗಿತ್ತು. ಅದನ್ನೇ ಹಿಡಿದು ಆಕೆ ಊರನ್ನೆಲ್ಲ ನಗಿಸಿದ್ದಳು.

"ಖಾಲಾ, ನೀರು ಬೇಕೇನ್ರಿ?" ಎಂದು ದ್ರೌಪದಿ ಕೇಳಿದಳು.

"ಬ್ಯಾಡವ್ವ. ಮಾಸ್ತರ, ಹೆಣ್ಮಕ್ಕಳು ನನ್ನ ಮನಿಗಿ ಬರ್ಲಿ. ಆ ಕಡಿಯಿಂದನೂ ನೋಡ್ಲಿ. ಗಂಡಸ್ರು ಇಲ್ಲೇ ಇರ್ಲಿ."

ದೇವಿಂದ್ರಪ್ಪ ಕನಾತನ್ನು ಮತ್ತೆ ಕಟ್ಟಿಸಿದ, ಈ ಸಲ ಓಣಿಗೆ ಅಡ್ಡವಾಗಿ ಅಲ್ಲ, ಉದ್ದಕ್ಕೆ. ಅದರ ಮಗ್ಗುಲಲ್ಲಿ ಹೆಂಗಸರ ಸಾಲು ಜನಾನಾದೊಳಗೆ ಹೋಯಿತು. ಸುದ್ದಿ ಹರಡಿ, ಬಾವಿ ನೋಡುತ್ತಿದ್ದವರೂ ಸರಾಯಿ ನೋಡುತ್ತಿದ್ದವರೂ ಇತ್ತಲೇ ಬಂದರು. ದಿವಾನಖಾನೆಯಲ್ಲಿ ಗಂಡಂದಿರು ಗೂಡಿನ ಮುಂದೆ ನಿಂತರು. ಆಚೆಯಿಂದ ದ್ರೌಪದಿಯ ದನಿ ಬಂತು:

"ಏನ್ರಿ, ಕೇಳಾಕತ್ತದೇನ್ರಿ? ಉಣ್ಣುವಾಗ ಅಷ್ಟು ಚಪ್ಪರಸಬ್ಯಾಡ್ರಿ. ಮದಿವಿ ಆದಾಗಿಂದ ಹೇಳಬೇಕಂತಿದ್ದೆ."

"ಏ ಹುಚ್ಚಿ, ಇಲ್ಲಿ ಊರ ಮಂದಿಯೆಲ್ಲ ನಿಂತದ!" ಎಂದು ಅಂಬಾರಾಯ ಗೂಡಿಗೆ ಎರಡೂ ಕೈ ಅಡ್ಡ ಹಿಡಿದ. ತಡವಾಗಿತ್ತು.

ಸೋಮವಾರ ಕಪಾಟು ಒಳಗೆ ಹೋಗಬೇಕಿತ್ತು. ಅದನ್ನು ಎದುರಿನ ಗೋಡೆಗೆ ನಿಲ್ಲಿಸಿರೆಂದು ಜೈತುನ್ಬೀ ಹೇಳಿಕಳಿಸಿದಳು. ಮನೆಯ ಒಡತಿ ಬಾಡಿಗೆದಾರರನ್ನು ಕೇಳಿಕೊಂಡ ಮೊದಲ ಮಾತಾದ್ದರಿಂದ ಸಾಹೇಬರು ಒಪ್ಪಿದರು. ಆ ವಾರ ಜಿಲಾನಿ ಬಂದಾಗ ಕನಾತಿನ ವಿಷಯಕ್ಕೆ ನಾಲ್ಕು ಮಾತು ಬೈಸಿಕೊಂಡ. ಅಪ್ಪ ನಿಜ ಹೇಳಿದ್ದನೆಂದು ತಿಳಿದು ಆ ಬೈಗುಳವನ್ನು ಮರೆತು, ತಾನೂ ಹೋಗಿ ಗೂಡಿಗೆ ಕಿವಿಯಿಟ್ಟು ಬಂದ.

ಬೇಸಿಗೆಯಲ್ಲಿ ಓಣಿಯ ಒಂದು ಮದುವೆಯಲ್ಲಿ, ಮೆಹೆಂದಿಯ ಹೊತ್ತಿಗೆ, ಹುಡುಗಿಯರು ಮತ್ತೆ ಸುತ್ತ ಕೂತರು.

"ಖಾಲಾ, ಆ ಸುಳ್ಳಿನ ಕತಿ."

"ಸುಳ್ಳು ಹೇಳಿದ್ದು ನಮ್ಮ ಅಪ್ಪನ ಕಪಾಟು," ಎಂದು ಆಕೆ ಶುರು ಮಾಡಿದಳು.

ಅದಾದ ಮೇಲೆ ಕಚೇರಿಯವರು ಗೂಡಿನ ಹತ್ತಿರ ಬಂದಾಗ ದನಿ ಇಳಿಸುತ್ತಿದ್ದರು. ಆದರೆ ಮನುಷ್ಯ ಮರೆಯುತ್ತಾನೆ. ಮಳೆಗಾಲದ ಒಂದು ಮಧ್ಯಾಹ್ನ ಜೈತುನ್ಬೀ ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ ಗೋಡೆಯಿಂದ ಮಡಿವಾಳಯ್ಯನ ಗೊಣಗು ಕೇಳಿಸಿತು: ಬುತ್ತಿ ಮನೆಯಲ್ಲೇ ಮರೆತಿದೆ, ಸಾಹೇಬರು ಹೊರಗೆ ಬಿಡುತ್ತಿಲ್ಲ, ಹೊಟ್ಟೆ ಚುರುಗುಟ್ಟುತ್ತಿದೆ. ಆತ ಜಂಗಮ, ಅಯ್ಯನೋರ ಮನೆಯವನು, ಈ ಮನೆಯ ರೊಟ್ಟಿ ಉಣ್ಣುವವನಲ್ಲ. ಆಕೆ ಎದ್ದು ಡಬ್ಬಿಯಿಂದ ಎರಡು ಹಿಡಿ ಉತ್ತತ್ತಿ ತೆಗೆದು, ಒಗೆದ ಕರ್ಚೀಫಿನಲ್ಲಿ ಗಂಟು ಕಟ್ಟಿ, ಮಾಳಮ್ಮನ ಕೈಯಲ್ಲಿ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಗೂಡಿನಲ್ಲಿ ಆತನ ದನಿ ಬಂತು. ಬಾಯಿ ತುಂಬಿತ್ತು.

"ಅಮ್ಮಾರ, ನಾ ಹಸ್ದೀನಿ ಅಂತ ನಿಮಗ ಯಾರ್ ಹೇಳಿದ್ರು?"

ಜೈತುನ್ಬೀ ಪಾನದಾನವನ್ನು ಗೂಡಿನಿಂದ ಪಕ್ಕಕ್ಕೆ ಸರಿಸಿದಳು.

"ಯಾರೂ ಹೇಳಿಲ್ಲಪ್ಪ," ಎಂದಳು. "ನೀನೇ ಅಂದಿ."